ಅಡಿಕೆ ಅಂಗಳದ ಕಾವಲು: ಹಳೆಯ ಕ್ಯಾಮೆರಾ ವ್ಯವಸ್ಥೆಗೆ ಹೊಸ ತಂತಿ ಕ್ಯಾಮೆರಾಗಳ ಆಯ್ಕೆ

ಮಲೆನಾಡು ಹಾಗೂ ಕರಾವಳಿ ಜಿಲ್ಲೆಗಳಲ್ಲಿ ಅಡಿಕೆಯು ಮುಖ್ಯ ವಾಣಿಜ್ಯ ಬೆಳೆಯಾಗಿದೆ. ವರ್ಷವಿಡೀ ಮಾಡಿದ ಆರೈಕೆಯ ಫಲವು ಕೊಯ್ಲಿನ ನಂತರ ಹಲವು ದಿನ ಅಂಗಳದಲ್ಲಿ ತೆರೆದ ಆಕಾಶದ ಕೆಳಗೇ ಇರುತ್ತದೆ. ಹಣ್ಣಡಿಕೆಯನ್ನು ಸಿಪ್ಪೆಸಹಿತ ಒಣಗಿಸಿ ಚಾಲಿ ಮಾಡಲು ಸುಮಾರು 40 ರಿಂದ 45 ದಿನಗಳ ಬಿಸಿಲು ಬೇಕು. ಬೇಯಿಸಿದ ಕೆಂಪಡಿಕೆಗೆ ಇಷ್ಟು ದಿನ ಬೇಕಿಲ್ಲವಾದರೂ, ಒಣಗಿದ ಮಾಲು ಮಾರಾಟವಾಗುವವರೆಗೆ ಉಗ್ರಾಣದಲ್ಲಿ ಕಾಯಬೇಕಾಗುತ್ತದೆ. ಕ್ವಿಂಟಾಲಿಗೆ ಹತ್ತಾರು ಸಾವಿರ ರೂಪಾಯಿ ಬೆಲೆಬಾಳುವ ಈ ಮಾಲಿನಲ್ಲಿ ಎರಡು ಮೂರು ಚೀಲ ಕಳುವಾದರೂ ಸಣ್ಣ ಹಿಡುವಳಿದಾರನ ವರ್ಷದ ಗೊಬ್ಬರ-ಕೂಲಿಯ ಲೆಕ್ಕವೇ ತಪ್ಪುತ್ತದೆ.

ಈ ಕಾರಣದಿಂದ ಹಲವು ಬೆಳೆಗಾರರು ಹತ್ತು ಹನ್ನೆರಡು ವರ್ಷಗಳ ಹಿಂದೆಯೇ ಮನೆ, ಅಂಗಳ ಮತ್ತು ಉಗ್ರಾಣಗಳಿಗೆ ಕಾವಲು ಕ್ಯಾಮೆರಾಗಳನ್ನು ಹಾಕಿಸಿಕೊಂಡಿದ್ದಾರೆ. ಆದರೆ ಕಳವಾದ ದಿನ ದಾಖಲೆಯನ್ನು ತೆರೆದು ನೋಡಿದಾಗ ಯಾರೋ ಬಂದದ್ದು ಕಾಣುತ್ತದೆ; ಬಂದವರು ಯಾರೆಂಬುದು ಮಾತ್ರ ತಿಳಿಯುವುದಿಲ್ಲ. ಇಂಥ ವ್ಯವಸ್ಥೆಯನ್ನು ಸುಧಾರಿಸಲು ಇದ್ದುದನ್ನೆಲ್ಲ ಕಿತ್ತು ಎಸೆಯಬೇಕಾಗಿಲ್ಲ. ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬದಲಿಸಬೇಕು ಎಂಬುದನ್ನು ಅರಿತು ಮುಂದುವರಿದರೆ ಖರ್ಚು ಉಳಿಯುತ್ತದೆ, ಕಾವಲೂ ಬಲವಾಗುತ್ತದೆ.

ಹಳೆಯ ವ್ಯವಸ್ಥೆಯ ಕೊರತೆಗಳು

ಹಳೆಯ ಅನಲಾಗ್ ಕ್ಯಾಮೆರಾಗಳ ಚಿತ್ರವು ಹಿಂದಿನ ದೂರದರ್ಶನದ ಅಳತೆಯದು. ದಾಖಲಾಗುವ ಒಳ್ಳೆಯ ಚಿತ್ರದಲ್ಲಿ ಸಾಮಾನ್ಯವಾಗಿ ಅಡ್ಡಲಾಗಿ 704 ಮತ್ತು ಉದ್ದಕ್ಕೆ 576 ಚುಕ್ಕೆಗಳು, ಅಂದರೆ ಪಿಕ್ಸೆಲ್‌ಗಳು, ಇರುತ್ತವೆ. ಅಗ್ಗದ ದಾಖಲೆ ಪೆಟ್ಟಿಗೆಗಳು, ಅಂದರೆ ಡಿ.ವಿ.ಆರ್.ಗಳು, ಇದನ್ನೂ ಕಿರಿದುಗೊಳಿಸಿ 352 × 288 ಪಿಕ್ಸೆಲ್‌ಗಳಲ್ಲಿ ದಾಖಲಿಸುತ್ತಿದ್ದವು. ಇಂದು ಸಾಮಾನ್ಯವಾಗಿರುವ 2 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 1920 × 1080 ಪಿಕ್ಸೆಲ್‌ಗಳಿವೆ.

ಆದರೂ ದೋಷವೆಲ್ಲ ಕ್ಯಾಮೆರಾದ್ದೇ ಎಂದು ತೀರ್ಮಾನಿಸುವ ಮೊದಲು ಕೆಳಗಿನವುಗಳನ್ನು ಪರೀಕ್ಷಿಸಬೇಕು.

1. ಮಸೂರದ ಮುಂದಿನ ಗಾಜಿನ ಮೇಲೆ ಧೂಳು, ಬೂಷ್ಟು ಅಥವಾ ಜೇಡನ ಬಲೆ ಇದೆಯೇ?
2. ಕೇಬಲ್ಲಿನ ತುದಿಯ ಬಿ.ಎನ್.ಸಿ. ಕನೆಕ್ಟರ್‌ಗಳು ತುಕ್ಕು ಹಿಡಿದಿವೆಯೇ?
3. ರಾತ್ರಿ ವೇಳೆ ಕ್ಯಾಮೆರಾಕ್ಕೆ 12 ವೋಲ್ಟ್ ತಲುಪುತ್ತಿದೆಯೇ?
4. ಹಾರ್ಡ್ ಡಿಸ್ಕ್ ನಿಜವಾಗಿ ದಾಖಲಿಸುತ್ತಿದೆಯೇ? ಒಂದು ವಾರದ ಹಿಂದಿನ ರಾತ್ರಿಯ ಚಿತ್ರವನ್ನು ತೆರೆದು ನೋಡಬೇಕು.
5. ಪೆಟ್ಟಿಗೆಯ ಗಡಿಯಾರ ಸರಿಯಾದ ಸಮಯ ತೋರಿಸುತ್ತಿದೆಯೇ?

ಉದ್ದೇಶ ಮೊದಲು, ಕ್ಯಾಮೆರಾ ನಂತರ

ಪ್ರತಿ ಸ್ಥಳದಲ್ಲಿ ಕ್ಯಾಮೆರಾದಿಂದ ಯಾವ ಕೆಲಸ ಆಗಬೇಕೆಂಬುದನ್ನು ಮೊದಲು ನಿರ್ಧರಿಸಬೇಕು. ಅಂತರರಾಷ್ಟ್ರೀಯ ಮಾನಕವೊಂದು ಇದಕ್ಕೆ ಸುಲಭವಾದ ಅಳತೆಗೋಲನ್ನು ಒದಗಿಸಿದೆ. ಚಿತ್ರದಲ್ಲಿ ಕಾಣುವ ಜಾಗದ ಅಗಲದಲ್ಲಿ ಪ್ರತಿ ಮೀಟರಿಗೆ ಎಷ್ಟು ಪಿಕ್ಸೆಲ್‌ಗಳು ಬರುತ್ತವೆ ಎಂಬುದೇ ಆ ಅಳತೆ.

ಯಾರೋ ಬಂದಿದ್ದಾರೆಂದು ತಿಳಿಯಲು: ಮೀಟರಿಗೆ 25 ಪಿಕ್ಸೆಲ್.
ಪರಿಚಿತ ವ್ಯಕ್ತಿಯನ್ನು ಇಂಥವನೇ ಎಂದು ಗುರುತಿಸಲು: ಮೀಟರಿಗೆ 125 ಪಿಕ್ಸೆಲ್.
ಅಪರಿಚಿತನ ಮುಖಚಹರೆಯನ್ನು ಸಂಶಯವಿಲ್ಲದಂತೆ ತೋರಿಸಲು: ಮೀಟರಿಗೆ 250 ಪಿಕ್ಸೆಲ್.

ಈ ಲೆಕ್ಕದಂತೆ ಹಳೆಯ 704 ಪಿಕ್ಸೆಲ್ ಕ್ಯಾಮೆರಾ ಕೇವಲ 2.8 ಮೀಟರ್ ಅಗಲದ ಜಾಗದಲ್ಲಿ ಮಾತ್ರ ಅಪರಿಚಿತನ ಮುಖವನ್ನು ಸ್ಪಷ್ಟವಾಗಿ ಕೊಡಬಲ್ಲದು. 2 ಮೆಗಾಪಿಕ್ಸೆಲ್ ಕ್ಯಾಮೆರಾ 7.7 ಮೀಟರ್ ಅಗಲದವರೆಗೆ, ಅಡ್ಡಲಾಗಿ 2560 ಪಿಕ್ಸೆಲ್ ಇರುವ 4 ಅಥವಾ 5 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮಾರು 10 ಮೀಟರ್ ಅಗಲದವರೆಗೆ ಇದೇ ಕೆಲಸ ಮಾಡುತ್ತವೆ. ಇಡೀ ಅಂಗಳವನ್ನು ಒಂದೇ ಕ್ಯಾಮೆರಾದಲ್ಲಿ ತುಂಬಿಸಲು ಹೋದಾಗ ಮುಖಗಳು ಏಕೆ ಮಸುಕಾಗುತ್ತವೆ ಎಂಬುದು ಇದರಿಂದ ತಿಳಿಯುತ್ತದೆ. ಆದ್ದರಿಂದ ಅಂಗಳದ ಮೇಲೆ ವಿಶಾಲ ನೋಟದ ಕ್ಯಾಮೆರಾ ಇರಲಿ. ಬರುವವರು ಹಾದುಹೋಗಲೇಬೇಕಾದ ಗೇಟು, ದಣಪೆ ಅಥವಾ ಉಗ್ರಾಣದ ಬಾಗಿಲಿಗೆ ಕಿರಿದಾದ ನೋಟದ ಬೇರೊಂದು ಕ್ಯಾಮೆರಾ ಇರಲಿ.

ಮಸೂರದ ಆಯ್ಕೆ

ನೋಟದ ಅಗಲವು ಮಸೂರದ ಸಂಗಮದೂರವನ್ನು ಅವಲಂಬಿಸಿದೆ. ಇದನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾಗಳಿಗೆ ಈ ಸ್ಥೂಲ ಲೆಕ್ಕ ಸಾಕು:

2.8 ಮಿ.ಮೀ. ಮಸೂರ: ಕಾಣುವ ಅಗಲವು ದೂರದ ಸುಮಾರು ಎರಡರಷ್ಟು.
6 ಮಿ.ಮೀ. ಮಸೂರ: ಕಾಣುವ ಅಗಲವು ದೂರಕ್ಕಿಂತ ತುಸು ಕಡಿಮೆ.
12 ಮಿ.ಮೀ. ಮಸೂರ: ಕಾಣುವ ಅಗಲವು ದೂರದ ಅರ್ಧಕ್ಕಿಂತ ತುಸು ಕಡಿಮೆ.

ಉದಾಹರಣೆಗೆ, ಗೇಟು ಕ್ಯಾಮೆರಾದಿಂದ 12 ಮೀಟರ್ ದೂರದಲ್ಲಿದ್ದರೆ 6 ಮಿ.ಮೀ. ಮಸೂರದಲ್ಲಿ ಸುಮಾರು 11 ಮೀಟರ್ ಅಗಲದ ಜಾಗ ಕಾಣುತ್ತದೆ. ಮೀಟರಿಗೆ ಸುಮಾರು 175 ಪಿಕ್ಸೆಲ್ ಬರುತ್ತದೆ. ಇದು ಪರಿಚಿತರನ್ನು ಗುರುತಿಸಲು ಸಾಕು, ಅಪರಿಚಿತರಿಗೆ ಸಾಲದು. ಅದೇ ಸ್ಥಳದಲ್ಲಿ 12 ಮಿ.ಮೀ. ಮಸೂರ ಹಾಕಿದರೆ ಮೀಟರಿಗೆ ಸುಮಾರು 350 ಪಿಕ್ಸೆಲ್ ದೊರೆಯುತ್ತದೆ. ದೂರವನ್ನು ನಿಖರವಾಗಿ ಅಳೆಯಲು ಆಗದಿದ್ದಲ್ಲಿ 2.8 ರಿಂದ 12 ಮಿ.ಮೀ. ವರೆಗೆ ಹೊಂದಿಸಬಹುದಾದ ಮಸೂರದ ಕ್ಯಾಮೆರಾ ಕೊಳ್ಳುವುದು ಉತ್ತಮ.

ಮುಖ ಕಾಣಬೇಕಾದ ಸ್ಥಳದಲ್ಲಿ ಕ್ಯಾಮೆರಾವನ್ನು ನೆಲದಿಂದ 2.5 ರಿಂದ 3 ಮೀಟರ್ ಎತ್ತರದಲ್ಲಿ ಕೂರಿಸಬೇಕು. ಇನ್ನೂ ಮೇಲೆ ಕೂರಿಸಿದರೆ ತಲೆಯ ಮೇಲಿನ ಹಾಳೆಟೋಪಿ ಮಾತ್ರ ದಾಖಲಾದೀತು! ಅಡಿಕೆ ಮರಕ್ಕೆ ಕ್ಯಾಮೆರಾ ಕಟ್ಟಬಾರದು. ಗಾಳಿಗೆ ಮರ ಓಲಾಡಿದಾಗ ಚಿತ್ರವೂ ಓಲಾಡುತ್ತದೆ. ಗೋಡೆ ಅಥವಾ ಕಾಂಕ್ರೀಟಿನಲ್ಲಿ ಹೂಳಿದ ಕಬ್ಬಿಣದ ಕಂಬವೇ ಸೂಕ್ತ.

ತಂತಿ ವ್ಯವಸ್ಥೆಯಲ್ಲಿ ಮೂರು ಮಾರ್ಗಗಳು

ತಂತಿಯಿಲ್ಲದ ಕ್ಯಾಮೆರಾಗಳೂ ದೊರೆಯುತ್ತವೆ. ಆದರೆ ದಪ್ಪ ಕಲ್ಲು-ಮಣ್ಣಿನ ಗೋಡೆ, ತಗಡಿನ ಮಾಡು ಮತ್ತು ಒತ್ತಾದ ತೋಟಗಳ ನಡುವೆ ಅವುಗಳ ಸಂಕೇತ ಕ್ಷೀಣಿಸುತ್ತದೆ. ವಿದ್ಯುತ್ತಿಗಾಗಿ ಹೇಗೂ ತಂತಿ ಎಳೆಯಬೇಕಾದಲ್ಲಿ ಚಿತ್ರವನ್ನೂ ತಂತಿಯಲ್ಲೇ ತರುವುದು ಹೆಚ್ಚು ನಂಬಿಕೆಯ ಮಾರ್ಗ.

ಮೊದಲನೆಯ ಮಾರ್ಗ: ಹಳೆಯ ಕೋಆಕ್ಸಿಯಲ್ ಕೇಬಲ್ಲನ್ನು ಉಳಿಸಿಕೊಂಡು, ಕ್ಯಾಮೆರಾ ಮತ್ತು ಡಿ.ವಿ.ಆರ್.ಗಳನ್ನು ಮಾತ್ರ ಬದಲಿಸುವುದು. ಎಚ್.ಡಿ.-ಟಿ.ವಿ.ಐ., ಎಚ್.ಡಿ.-ಸಿ.ವಿ.ಐ. ಮತ್ತು ಎ.ಎಚ್.ಡಿ. ಎಂಬ ಪದ್ಧತಿಗಳ ಕ್ಯಾಮೆರಾಗಳು ಹಳೆಯ ಕೇಬಲ್ಲಿನ ಮೂಲಕವೇ 2 ಮೆಗಾಪಿಕ್ಸೆಲ್ ಹಾಗೂ ಅದಕ್ಕೂ ಮಿಗಿಲಾದ ಚಿತ್ರವನ್ನು ಕಳುಹಿಸುತ್ತವೆ. ಕೇಬಲ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ತೋಟದ ಮನೆಯ ಸಾಮಾನ್ಯ ದೂರಗಳಿಗೆ ತೊಂದರೆಯಿಲ್ಲ. ಆದರೆ ಹಳೆಯ ಡಿ.ವಿ.ಆರ್. ಈ ಹೊಸ ಸಂಕೇತವನ್ನು ಅರಿಯದು. ಕ್ಯಾಮೆರಾ ಮತ್ತು ಪೆಟ್ಟಿಗೆ ಒಂದೇ ಪದ್ಧತಿಯವಾಗಿರಬೇಕು, ಇಲ್ಲವೆ ಎಲ್ಲ ಪದ್ಧತಿಗಳನ್ನೂ ಸ್ವೀಕರಿಸುವ ಮಿಶ್ರ ಪೆಟ್ಟಿಗೆ ಇರಬೇಕು.

ಎರಡನೆಯ ಮಾರ್ಗ: ಐ.ಪಿ. ಕ್ಯಾಮೆರಾಗಳು. ಇವು ಕ್ಯಾಟ್-6 ಕೇಬಲ್ಲಿನ ಮೂಲಕ ಚಿತ್ರವನ್ನು ಅಂಕೀಯ ರೂಪದಲ್ಲಿ ಎನ್.ವಿ.ಆರ್. ಎಂಬ ಪೆಟ್ಟಿಗೆಗೆ ಕಳುಹಿಸುತ್ತವೆ. ಪಿ.ಓ.ಇ. ಪದ್ಧತಿಯಿದ್ದರೆ ಅದೇ ಕೇಬಲ್ಲು ವಿದ್ಯುತ್ತನ್ನೂ ಒಯ್ಯುತ್ತದೆ. ಪ್ರತಿ ಕ್ಯಾಮೆರಾದ ಬಳಿ ಬೇರೆ ಅಡಾಪ್ಟರ್ ಬೇಕಿಲ್ಲ. ಸಾಮಾನ್ಯ ಪಿ.ಓ.ಇ. ಸ್ವಿಚ್ಚು ಪ್ರತಿ ಕ್ಯಾಮೆರಾಕ್ಕೆ 15.4 ವಾಟ್ ವರೆಗೆ ಕೊಡಬಲ್ಲದು. ಇದರ ಮುಖ್ಯ ಮಿತಿಯೆಂದರೆ ಸ್ವಿಚ್ಚಿನಿಂದ ಕ್ಯಾಮೆರಾಕ್ಕೆ ಕೇಬಲ್ಲಿನ ಉದ್ದ 100 ಮೀಟರ್ ಮೀರಬಾರದು. ಬೇರೆ ಬೇರೆ ತಯಾರಕರ ಕ್ಯಾಮೆರಾ ಮತ್ತು ಪೆಟ್ಟಿಗೆಗಳನ್ನು ಕೂಡಿಸುವುದಾದರೆ ಎರಡರಲ್ಲೂ ಓನ್‌ವಿಫ್ ಹೊಂದಾಣಿಕೆ ಇದೆಯೇ ಎಂದು ನೋಡಬೇಕು.

ಮೂರನೆಯ ಮಾರ್ಗ: ಮಿಶ್ರ ವ್ಯವಸ್ಥೆ. ಎಕ್ಸ್.ವಿ.ಆರ್. ಎಂದು ಕರೆಯುವ ಪೆಟ್ಟಿಗೆಗೆ ಹಳೆಯ ಅನಲಾಗ್ ಕ್ಯಾಮೆರಾ, ಹೊಸ ಎಚ್.ಡಿ. ಕ್ಯಾಮೆರಾ ಮತ್ತು ಕೆಲವು ಐ.ಪಿ. ಕ್ಯಾಮೆರಾಗಳನ್ನು ಒಟ್ಟಿಗೆ ಜೋಡಿಸಬಹುದು. ಒಂದೇ ವರ್ಷದಲ್ಲಿ ಎಲ್ಲವನ್ನೂ ಬದಲಿಸಲು ಹಣವಿಲ್ಲದವರಿಗೆ ಇದು ಅನುಕೂಲ. ಈ ವರ್ಷ ಪೆಟ್ಟಿಗೆ ಮತ್ತು ಗೇಟಿನ ಕ್ಯಾಮೆರಾ, ಮುಂದಿನ ಸುಗ್ಗಿಯ ನಂತರ ಉಳಿದವು ಎಂದು ಹಂತ ಹಂತವಾಗಿ ಸಾಗಬಹುದು.

ಕೇಬಲ್ ಮತ್ತು ವಿದ್ಯುತ್ ಪೂರೈಕೆ

ಹಗಲಿನಲ್ಲಿ ಸರಿಯಾಗಿದ್ದು, ಕತ್ತಲಾದೊಡನೆ ಆರಿ ಹೊತ್ತುವ ಕ್ಯಾಮೆರಾಗಳಲ್ಲಿ ಬಹುತೇಕ ದೋಷ ವೋಲ್ಟೇಜ್ ಇಳಿತದ್ದು. ರಾತ್ರಿ ಅವರಕ್ತ ದೀಪಗಳು ಹೊತ್ತಿಕೊಂಡಾಗ ಕ್ಯಾಮೆರಾ ಎಳೆಯುವ ಕರೆಂಟು ಹೆಚ್ಚುತ್ತದೆ. 12 ವೋಲ್ಟಿನಲ್ಲಿ ಅರ್ಧ ಆಂಪಿಯರ್ ಎಳೆಯುವ ಕ್ಯಾಮೆರಾಕ್ಕೆ 0.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 60 ಮೀಟರ್ ದೂರ ವಿದ್ಯುತ್ ಒಯ್ದರೆ ಸುಮಾರು 2 ವೋಲ್ಟ್ ದಾರಿಯಲ್ಲೇ ನಷ್ಟವಾಗಿ 10 ವೋಲ್ಟ್ ಮಾತ್ರ ತಲುಪುತ್ತದೆ. ಅದೇ ದೂರಕ್ಕೆ 1.5 ಚದರ ಮಿ.ಮೀ. ತಂತಿ ಬಳಸಿದರೆ ನಷ್ಟವು 0.7 ವೋಲ್ಟಿಗೆ ಇಳಿಯುತ್ತದೆ. ಪಿ.ಓ.ಇ.ಯಲ್ಲಿ ಸುಮಾರು 48 ವೋಲ್ಟ್ ಹರಿಯುವುದರಿಂದ ಕರೆಂಟು ಕಡಿಮೆ ಸಾಕು, ಇಳಿತದ ತೊಂದರೆಯೂ ಕಡಿಮೆ.

ಕೇಬಲ್ ಕೊಳ್ಳುವಾಗ ಮೋಸಹೋಗಬಾರದು. ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲು ಅಗ್ಗವಾಗಿ ಸಿಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬೆಳ್ಳಿಯ ಬಣ್ಣ ಕಂಡರೆ ಅದು ಶುದ್ಧ ತಾಮ್ರವಲ್ಲ. ಅಂಥ ಕೇಬಲ್ಲನ್ನು ಪಿ.ಓ.ಇ.ಗೆ ಬಳಸಬಾರದು. ಹೊರಾಂಗಣಕ್ಕೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಕೇಬಲ್ಲನ್ನೇ ಆರಿಸಬೇಕು. ಇಲಿ, ಅಳಿಲುಗಳ ಕಾಟವಿರುವುದರಿಂದ ಪೈಪಿನೊಳಗೆ ಹಾಯಿಸಬೇಕು. ತೋಟದಲ್ಲಿ ಕೇಬಲ್ ಹೂಳುವಾಗ ಅಡಿಕೆಯ ಬುಡ ಬಿಟ್ಟು, ಗುದ್ದಲಿ ತಾಗದ ದಾರಿಯ ಅಂಚಿನಲ್ಲಿ ಹೂಳುವುದು ಒಳ್ಳೆಯದು. ಪಂಪ್‌ಸೆಟ್ಟಿನ ವಿದ್ಯುತ್ ತಂತಿಯೊಂದಿಗೆ ಒಂದೇ ಪೈಪಿನಲ್ಲಿ ಹಾಯಿಸಬಾರದು.

100 ಮೀಟರಿಗಿಂತ ಹೆಚ್ಚಿನ ದೂರಕ್ಕೆ ಫೈಬರ್ ಕೇಬಲ್ ಸೂಕ್ತ. ಲೋಹವಿಲ್ಲದ ಫೈಬರ್ ಆರಿಸಿದರೆ ಅದರ ಮೂಲಕ ಸಿಡಿಲಿನ ವಿದ್ಯುತ್ತು ಹರಿದುಬರುವ ಭಯವಿಲ್ಲ. ಆದರೆ ಫೈಬರ್ ವಿದ್ಯುತ್ತನ್ನು ಒಯ್ಯಲಾರದು. ಕ್ಯಾಮೆರಾ ಇರುವಲ್ಲೇ ಅದಕ್ಕೆ ಪೂರೈಕೆ ಕಲ್ಪಿಸಬೇಕು.

ಕರೆಂಟು ಹೋದಾಗಲೂ ಕಾವಲು ನಡೆಯಬೇಕು. ಐದು ಕ್ಯಾಮೆರಾ, ಪೆಟ್ಟಿಗೆ ಮತ್ತು ಸ್ವಿಚ್ಚು ಸೇರಿ ಸುಮಾರು 60 ವಾಟ್ ಬೇಕೆನ್ನೋಣ. ಮನೆಯ ಇನ್ವರ್ಟರಿನ 12 ವೋಲ್ಟ್, 150 ಆಂಪಿಯರ್-ಗಂಟೆಯ ಸುಸ್ಥಿತಿಯ ಬ್ಯಾಟರಿಯಲ್ಲಿ ಅರ್ಧದಷ್ಟನ್ನು ಮಾತ್ರ ಬಳಸಿದರೂ ಇದು ಒಂದು ರಾತ್ರಿ, ಅಂದರೆ ಸುಮಾರು 12 ಗಂಟೆ ನಡೆಯುತ್ತದೆ. ಅದೇ ಇನ್ವರ್ಟರಿಗೆ ಫ್ಯಾನು, ದೀಪಗಳಿದ್ದರೆ ಅವಧಿ ಅಷ್ಟಕ್ಕಷ್ಟು ಇಳಿಯುತ್ತದೆ.

ಮಳೆ, ಸಿಡಿಲು ಮತ್ತು ಕೀಟಗಳು

ಹೊರಾಂಗಣದ ಕ್ಯಾಮೆರಾಕ್ಕೆ ಐ.ಪಿ. 66 ಅಥವಾ ಐ.ಪಿ. 67 ದರ್ಜೆಯ ಹೊದಿಕೆ ಇರಬೇಕು. ಇಲ್ಲಿನ ‘ಐ.ಪಿ.’ ಎಂಬುದು ನೀರು-ಧೂಳು ತಡೆಯುವ ಶಕ್ತಿಯ ಗುರುತು, ‘ಐ.ಪಿ. ಕ್ಯಾಮೆರಾ’ ಎಂಬ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ. ಕ್ಯಾಮೆರಾ ಎಷ್ಟೇ ಭದ್ರವಾಗಿದ್ದರೂ ಕೇಬಲ್ಲಿನ ಸೇರುವೆಗೆ ನೀರು ಇಳಿದರೆ ಕೆಡುತ್ತದೆ. ಸೇರುವೆಗಳನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಕೇಬಲ್ಲು ಕೆಳಗಿನಿಂದ ಒಳಹೋಗುವಂತೆ ಮಾಡಬೇಕು.

ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಉದ್ದನೆಯ ತಂತಿಗಳೇ ಸಿಡಿಲಿಗೆ ದಾರಿಯಾಗುತ್ತವೆ. ಹೊರಗಿನಿಂದ ಬರುವ ಪ್ರತಿ ಕೇಬಲ್ಲಿಗೆ ಸರ್ಜ್ ರಕ್ಷಕವನ್ನು ಹಾಕಿ, ಅದನ್ನು ಮನೆಯ ಅರ್ಥಿಂಗಿಗೆ ಜೋಡಿಸಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ರಕ್ಷಕದಿಂದ ಪ್ರಯೋಜನವಿಲ್ಲ. ಇವು ಹತ್ತಿರದ ಸಿಡಿಲಿನ ಹೊಡೆತವನ್ನು ತಗ್ಗಿಸುತ್ತವೆಯೇ ಹೊರತು ನೇರ ಸಿಡಿಲನ್ನು ತಡೆಯಲಾರವು.

ಅವರಕ್ತ ದೀಪಗಳ ಬಳಿ ಹುಳುಗಳು ಮುತ್ತುತ್ತವೆ, ಜೇಡಗಳು ಬಲೆ ನೇಯುತ್ತವೆ. ಬಲೆಯ ಎಳೆ ಬೆಳಕನ್ನು ಹಿಂದಕ್ಕೆ ಚೆಲ್ಲಿ ಚಿತ್ರವನ್ನೆಲ್ಲ ಬಿಳುಪಾಗಿಸುತ್ತದೆ. ಸಾಧ್ಯವಿದ್ದಲ್ಲಿ ದೀಪವನ್ನು ಕ್ಯಾಮೆರಾದಿಂದ ಒಂದೆರಡು ಮೀಟರ್ ದೂರದಲ್ಲಿ ಬೇರೆಯಾಗಿ ಇಡುವುದು ಇದಕ್ಕೆ ಪರಿಹಾರ. ಮುಂಜಾನೆ ಅಥವಾ ಸಂಜೆಯ ಸೂರ್ಯ ಎದುರಾಗುವ ಗೇಟುಗಳಿಗೆ ಬೆಳಕು-ನೆರಳನ್ನು ಸರಿದೂಗಿಸುವ, ಡಬ್ಲ್ಯೂ.ಡಿ.ಆರ್. ಸೌಲಭ್ಯವುಳ್ಳ ಕ್ಯಾಮೆರಾ ಬೇಕು.

ಎಷ್ಟು ದಿನದ ದಾಖಲೆ?

ಚೀಲಗಳ ಎಣಿಕೆ ತಪ್ಪಿದ್ದು ಮಾರಾಟದ ದಿನವೇ ಗೊತ್ತಾಗುವುದುಂಟು. ಆದ್ದರಿಂದ ಕನಿಷ್ಠ 30 ದಿನಗಳ ದಾಖಲೆ ಉಳಿಯಬೇಕು. ಎಚ್.265 ಸಂಕೋಚನ ಪದ್ಧತಿಯಲ್ಲಿ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸುವ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಗಿಗಾಬೈಟ್ ಜಾಗ ಬೇಕು. ಐದು ಕ್ಯಾಮೆರಾಗಳಿಗೆ ದಿನಕ್ಕೆ 108 ಗಿಗಾಬೈಟ್. 4 ಟೆರಾಬೈಟ್ ಡಿಸ್ಕಿನಲ್ಲಿ ಸುಮಾರು 37 ದಿನ, 2 ಟೆರಾಬೈಟ್ ಡಿಸ್ಕಿನಲ್ಲಿ ಸುಮಾರು 18 ದಿನ ನಿಲ್ಲುತ್ತದೆ. ಹಗಲೂ ರಾತ್ರಿ ಬರೆಯುವ ಕೆಲಸಕ್ಕೆಂದೇ ತಯಾರಾದ ಡಿಸ್ಕನ್ನು ಹಾಕಿಸಬೇಕು. ಪೆಟ್ಟಿಗೆಯನ್ನು ಜಗಲಿಯಲ್ಲಿ ಎದುರಿಗೇ ಇಡಬಾರದು. ಕಳ್ಳನು ಅದನ್ನೇ ಹೊತ್ತೊಯ್ದರೆ ಸಾಕ್ಷಿಯೂ ಅದರೊಂದಿಗೆ ಹೋಗುತ್ತದೆ. ಗಾಳಿಯಾಡುವ ಒಳಕೋಣೆಯಲ್ಲಿ ಬೀಗದೊಳಗೆ ಇಡಬೇಕು.

ಒಂದು ಮಾದರಿ ಯೋಜನೆ

ಮನೆಯಿಂದ 30 ಮೀಟರ್ ಒಳಗೆ ಅಂಗಳ ಮತ್ತು ಉಗ್ರಾಣ, 70 ಮೀಟರ್ ದೂರದಲ್ಲಿ ಗೇಟು, 180 ಮೀಟರ್ ದೂರದಲ್ಲಿ ಪಂಪಿನ ಮನೆ ಇವೆಯೆಂದು ಭಾವಿಸೋಣ. ಅಂಗಳಕ್ಕೆ ಎರಡು, ಉಗ್ರಾಣದ ಬಾಗಿಲಿಗೆ ಒಂದು ಹಳೆಯ ಅನಲಾಗ್ ಕ್ಯಾಮೆರಾ ಇದ್ದು, ಕೋಆಕ್ಸಿಯಲ್ ಕೇಬಲ್ ಚೆನ್ನಾಗಿದೆ. ಇಲ್ಲಿ ಹೀಗೆ ಮಾಡಬಹುದು:

1. ಹಳೆಯ ಡಿ.ವಿ.ಆರ್. ಬದಲಿಗೆ ಎಂಟು ಕ್ಯಾಮೆರಾಗಳ ಎಕ್ಸ್.ವಿ.ಆರ್. ಮತ್ತು 4 ಟೆರಾಬೈಟ್ ಡಿಸ್ಕ್.
2. ಅಂಗಳ, ಉಗ್ರಾಣಗಳಲ್ಲಿ ಅದೇ ಕೇಬಲ್ಲಿಗೆ ಹೊಸ ಎಚ್.ಡಿ. ಕ್ಯಾಮೆರಾಗಳು, ತುದಿಯ ಕನೆಕ್ಟರ್‌ಗಳು ಮಾತ್ರ ಹೊಸವು.
3. ಗೇಟಿಗೆ ಕ್ಯಾಟ್-6 ಕೇಬಲ್ ಮತ್ತು ಪಿ.ಓ.ಇ. ಮೂಲಕ ಒಂದು ಐ.ಪಿ. ಕ್ಯಾಮೆರಾ; ಗೇಟಿನ ಅಗಲವಷ್ಟೇ ಕಾಣುವಂತೆ ಮಸೂರ.
4. ಪಂಪಿನ ಮನೆಗೆ ಫೈಬರ್ ಮೂಲಕ ಇನ್ನೊಂದು ಐ.ಪಿ. ಕ್ಯಾಮೆರಾ, ಅಲ್ಲಿಯೇ ಒಂದು ಚಿಕ್ಕ ಯು.ಪಿ.ಎಸ್.

ಹಣ ಸಾಲದಿದ್ದರೆ ನಾಲ್ಕನೆಯದನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಗೇಟಿನ ಕ್ಯಾಮೆರಾವನ್ನು ಮಾತ್ರ ಬಿಡಬಾರದು.

ಖರೀದಿಯಲ್ಲಿ ಎಚ್ಚರ

ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು 2024 ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕಾವಲು ಕ್ಯಾಮೆರಾಗಳಿಗೆ ಕಡ್ಡಾಯ ಭದ್ರತಾ ಅಗತ್ಯಗಳನ್ನು ಗೊತ್ತುಪಡಿಸಿತು. ಇದು 2025 ರ ಏಪ್ರಿಲ್ 9 ರಿಂದ ಜಾರಿಗೆ ಬಂದಿದೆ. ಕ್ಯಾಮೆರಾ ಮೇಲೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಗುರುತು ಇದೆಯೇ, ಕೊಳ್ಳುವ ಮಾದರಿ ಈ ಹೊಸ ನಿಯಮದಂತೆ ಪರೀಕ್ಷೆಯಾಗಿದೆಯೇ ಎಂದು ಅಂಗಡಿಯವರನ್ನು ಕೇಳಿ, ಬಿಲ್ಲಿನಲ್ಲಿ ಮಾದರಿ ಸಂಖ್ಯೆ ಬರೆಸಿಕೊಳ್ಳಬೇಕು.

ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. 2016 ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿ.ವಿ.ಆರ್. ಮುಂತಾದ ಉಪಕರಣಗಳನ್ನು ವಶಪಡಿಸಿಕೊಂಡದ್ದು ಬದಲಿಸದೆ ಬಿಟ್ಟ ಇಂಥ ಗುಪ್ತಪದಗಳಿಂದಲೇ. ಅಳವಡಿಸಿದ ತಂತ್ರಜ್ಞರ ಬಳಿ ಮಾತ್ರ ಗುಪ್ತಪದ ಇರುವುದೂ ಸರಿಯಲ್ಲ. ಅದು ಮನೆಯವರಲ್ಲಿ ಇಬ್ಬರಿಗಾದರೂ ತಿಳಿದಿರಬೇಕು.

ಕ್ಯಾಮೆರಾ ನೆರೆಮನೆಯ ಅಂಗಳ, ಬಚ್ಚಲು ಅಥವಾ ಕೆಲಸದವರು ವಿಶ್ರಮಿಸುವ ಜಾಗವನ್ನು ನೋಡುವಂತಿರಬಾರದು. ಕ್ಯಾಮೆರಾ ಇದೆಯೆಂಬ ಫಲಕವನ್ನು ಗೇಟಿನಲ್ಲಿ ತೂಗುಹಾಕುವುದು ಉಚಿತ.

ಕಳವು ನಡೆದಲ್ಲಿ

ಪೆಟ್ಟಿಗೆ ತುಂಬಿದಾಗ ಹಳೆಯ ದಾಖಲೆಯ ಮೇಲೆ ಹೊಸದು ಬರೆಯಲ್ಪಡುತ್ತದೆ. ಆದ್ದರಿಂದ ಕಳವು ತಿಳಿದ ದಿನವೇ ಆ ಭಾಗವನ್ನು ಪೆನ್‌ಡ್ರೈವಿಗೆ ಪ್ರತಿ ಮಾಡಿಕೊಂಡು ಪೊಲೀಸರಿಗೆ ತಿಳಿಸಬೇಕು. ಪೆಟ್ಟಿಗೆಯ ಗಡಿಯಾರ ತಪ್ಪಿದ್ದರೆ ಅದನ್ನು ತಿದ್ದುವ ಮೊದಲು ನಿಜವಾದ ಸಮಯಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ಮೂಲ ಡಿಸ್ಕನ್ನು ಅಳಿಸಬಾರದು. 2024 ರ ಜುಲೈ 1 ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63 ನೇ ಕಲಮಿನಂತೆ ಇಂಥ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸುವಾಗ ಪ್ರಮಾಣಪತ್ರ ಬೇಕಾಗುತ್ತದೆ. ಅದರಲ್ಲಿ ಒಂದು ಭಾಗವನ್ನು ದಾಖಲೆ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಈ ಬಗ್ಗೆ ಪೊಲೀಸರ ಸಲಹೆ ಪಡೆಯಬೇಕು.

ನಿರ್ವಹಣೆ

ಕೊಯ್ಲಿಗೆ ಮುಂಚೆ: ಗಾಜು ಒರೆಸಿ, ಬಲೆ ತೆಗೆದು, ಪ್ರತಿ ಕ್ಯಾಮೆರಾದ ರಾತ್ರಿಯ ಚಿತ್ರ ನೋಡಬೇಕು. ಒಬ್ಬರು ಗೇಟಿನಲ್ಲಿ ನಡೆದುಬಂದು ಮುಖ ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು.
ಒಣಗಿಸುವ ಕಾಲದಲ್ಲಿ: ವಾರಕ್ಕೊಮ್ಮೆ ಹಳೆಯ ದಾಖಲೆ ತೆರೆದು ನೋಡಬೇಕು.
ಮಳೆಗಾಲಕ್ಕೆ ಮುಂಚೆ: ಅರ್ಥಿಂಗ್, ಸರ್ಜ್ ರಕ್ಷಕ ಮತ್ತು ಸೇರುವೆಯ ಡಬ್ಬಿಗಳನ್ನು ಪರೀಕ್ಷಿಸಬೇಕು.
ಮಳೆಗಾಲದ ನಂತರ: ಕನೆಕ್ಟರ್‌ಗಳ ತುಕ್ಕು, ಬ್ಯಾಟರಿಯ ಸ್ಥಿತಿ ಮತ್ತು ಗಡಿಯಾರವನ್ನು ನೋಡಬೇಕು.

ಕ್ಯಾಮೆರಾ ಬಾಗಿಲಿನ ಬೀಗಕ್ಕೆ ಬದಲಿಯಲ್ಲ, ನಾಯಿಯ ಬೊಗಳಿಗೂ ನೆರೆಯವರ ಕಣ್ಣಿಗೂ ಬದಲಿಯಲ್ಲ. ಆದರೆ ಉದ್ದೇಶವನ್ನು ಅರಿತು, ದೂರವನ್ನು ಅಳೆದು, ಒಳ್ಳೆಯ ಕೇಬಲ್ಲಿನ ಮೂಲಕ ಅಳವಡಿಸಿದ ವ್ಯವಸ್ಥೆಯು ಕಳವಾದ ಬಳಿಕ ‘ಯಾರೋ ಬಂದಿದ್ದರು’ ಎಂಬಲ್ಲಿಗೆ ನಿಲ್ಲದೆ, ಬಂದವರ ಮುಖವನ್ನು ತೋರಿಸುತ್ತದೆ. ಬೆಳೆಗಾರರು ಈ ಅಂಶಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ತಮ್ಮ ಅಂಗಳದ ನಕ್ಷೆಯೊಂದಿಗೆ ಅಂಗಡಿಗೆ ಹೋಗುವುದು ಲೇಸು.